‘ರೋಜರ್’ ಅಂದರೆ ಸಾಕಾ?

ಪ್ರಶ್ನೆ: ನಾನು ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದೇನೆ. ಒಂಟಿಯಾಗಿ ಹಾರಿಸುವ ಮೊದಲ ಸೋಲೋ ಮುಗಿದಿದೆ. ಲ್ಯಾಂಡಿಂಗ್ ಹೊತ್ತಿಗೆ ರೇಡಿಯೋದಲ್ಲಿ ಮಾತಾಡುವುದೇ ನನಗೆ ತಲೆನೋವು. ಟವರ್‌ನವರು ಹೇಳಿದ್ದು ಅರ್ಧ ಕೇಳಿಸಿರುತ್ತದೆ. ಮತ್ತೆ ಕೇಳಲು ಮುಜುಗರವಾಗಿ ಸುಮ್ನೆ ‘ರೋಜರ್’ ಅಂದುಬಿಡುತ್ತೇನೆ. ಇದು ಅಷ್ಟು ದೊಡ್ಡ ತಪ್ಪಾ ಸರ್?

ಉತ್ತರ: ದೊಡ್ಡ ತಪ್ಪೇ. ಕಲಿಯುವಾಗ ನಾನೂ ಇದನ್ನೇ ಮಾಡಿದ್ದೆ. ಪಕ್ಕದಲ್ಲಿ ಕೂತಿದ್ದ ಇನ್‌ಸ್ಟ್ರಕ್ಟರ್ ‘ಈಗ ಅವರು ಏನಂದರು, ಹೇಳು ನೋಡೋಣ’ ಅಂದಾಗ ಬಾಯಿ ಕಟ್ಟಿಹೋಗಿತ್ತು.

‘ರೋಜರ್’ ಅಂದರೆ ನೀವು ಹೇಳಿದ್ದು ನನಗೆ ಪೂರ್ತಿ ಕೇಳಿಸಿತು ಅಂತ ಅಷ್ಟೇ. ಏನು ಕೇಳಿಸಿತು ಅನ್ನುವುದು ಆ ಪದದಲ್ಲಿ ಇಲ್ಲ. ರೀಡ್‌ಬ್ಯಾಕ್, ಅಂದರೆ ಕೇಳಿಸಿದ್ದನ್ನು ತಿರುಗಿ ಹೇಳುವುದು, ಇರುವುದು ಅದಕ್ಕೇ. ರನ್‌ವೇ ನಂಬರ್, ಎತ್ತರ, ಹೆಡಿಂಗ್ (ಮೂತಿ ತಿರುಗಿಸಬೇಕಾದ ದಿಕ್ಕು), ವೇಗ, ಎತ್ತರ ತೋರಿಸುವ ಆಲ್ಟಿಮೀಟರ್‌ನ ಸೆಟಿಂಗ್, ಇಳಿಯಲು ಕೊಟ್ಟ ಅನುಮತಿ, ಇವನ್ನೆಲ್ಲ ಕಾಲ್‌ಸೈನ್ (ರೇಡಿಯೋದಲ್ಲಿ ನಿಮ್ಮ ವಿಮಾನದ ಹೆಸರು) ಸಮೇತ ತಿರುಗಿ ಹೇಳಲೇಬೇಕು. ಅದನ್ನು ಕಿವಿಗೊಟ್ಟು ಕೇಳಿ ತಪ್ಪಿದ್ದರೆ ತಿದ್ದುವುದು ಟವರ್‌ನ ಕಂಟ್ರೋಲರ್ ಕೆಲಸ.

ಅಪ್ರೋಚ್‌ನಲ್ಲಿ, ಅಂದರೆ ಇಳಿಯಲು ರನ್‌ವೇ ಕಡೆಗೆ ಬರುವಾಗ, ಒಂದು ವಿಚಿತ್ರ ನಡೆಯುತ್ತದೆ. ಮುಂದಿನ ಮಾತು ಏನಿರಬಹುದು ಅಂತ ಮನಸ್ಸು ಮೊದಲೇ ಲೆಕ್ಕ ಹಾಕಿರುತ್ತದೆ. ಕಿವಿ ಅದನ್ನೇ ಕೇಳಿಸಿಕೊಳ್ಳುತ್ತದೆ. 1989ರ ಫೆಬ್ರವರಿಯಲ್ಲಿ ಕೌಲಾಲಂಪುರದ ಹತ್ತಿರ ಒಂದು 747 ಸರಕು ವಿಮಾನ ಇಳಿಯಲು ಬರುತ್ತಿತ್ತು. ಕಂಟ್ರೋಲರ್ ‘ಡಿಸೆಂಡ್ ಟೂ ಫೋರ್ ಝೀರೋ ಝೀರೋ’ ಅಂದರು. ಅವರ ಮನಸ್ಸಿನಲ್ಲಿದ್ದದ್ದು 2400 ಅಡಿ. ಪೈಲಟ್‌ಗಳ ಕಿವಿಯಲ್ಲಿ ಆ ‘ಟೂ’ ಅನ್ನುವುದು ಎರಡು ಆಗಲಿಲ್ಲ, ‘ಅಲ್ಲಿಗೆ ಇಳಿಯಿರಿ’ ಅನ್ನುವ ‘ಟು’ ಆಯಿತು. ‘ಓಕೆ, ಫೋರ್ ಝೀರೋ ಝೀರೋ’ ಅಂತ ತಿರುಗಿ ಹೇಳಿದರು. ತಪ್ಪು ಅಲ್ಲೇ ಗಾಳಿಯಲ್ಲಿ ತೇಲುತ್ತಿತ್ತು, ಯಾರೂ ಹಿಡಿಯಲಿಲ್ಲ. ವಿಮಾನ 400 ಅಡಿಯ ಕಡೆಗೆ ಇಳಿಯುತ್ತಾ ಬೆಟ್ಟಕ್ಕೆ ಬಡಿಯಿತು. ಒಳಗಿದ್ದ ನಾಲ್ವರೂ ಸತ್ತರು. ‘ಟೂ ಥೌಸಂಡ್ ಫೋರ್ ಹಂಡ್ರೆಡ್’ ಅಂತ ಬಿಡಿಸಿ ಹೇಳುವ ರೂಢಿ ಯಾಕಿದೆ ಅಂತ ಈಗ ಗೊತ್ತಾಯಿತಲ್ಲ.

ಇನ್ನೊಂದು ವಿಷಯ. ರೀಡ್‌ಬ್ಯಾಕ್ ಸರಿಯಾಗಿದ್ದರೂ ಕೆಲವೊಮ್ಮೆ ಸಾಲದು. 2022ರ ಮೇ ತಿಂಗಳಲ್ಲಿ ಪ್ಯಾರಿಸ್‌ನ ಚಾರ್ಲ್ಸ್ ಡಿ ಗಾಲ್‌ನಲ್ಲಿ ಇಳಿಯುತ್ತಿದ್ದ ಏರ್‌ಬಸ್ ಒಂದಕ್ಕೆ ಕ್ಯೂಎನ್‌ಎಚ್ (ಆಲ್ಟಿಮೀಟರ್‌ಗೆ ಹಾಕುವ ಗಾಳಿಯ ಒತ್ತಡದ ಅಂಕಿ) 1001 ಅನ್ನುವ ಬದಲು 1011 ಅಂತ ಹೇಳಲಾಯಿತು. ಪೈಲಟ್‌ಗಳು ಕೇಳಿದ್ದನ್ನೇ ತಿರುಗಿ ಹೇಳಿ ಅದನ್ನೇ ಆಲ್ಟಿಮೀಟರ್‌ಗೆ ಹಾಕಿದರು. ಒತ್ತಡದ ಅಳತೆಯಾದ ಒಂದು ಹೆಕ್ಟೊಪಾಸ್ಕಲ್‌ಗೆ ಎತ್ತರದಲ್ಲಿ ಸುಮಾರು 28 ಅಡಿ. ಹತ್ತು ಹೆಚ್ಚಾದರೆ 280 ಅಡಿ ವ್ಯತ್ಯಾಸ, ವಿಮಾನ ಆಲ್ಟಿಮೀಟರ್ ತೋರಿಸುವುದಕ್ಕಿಂತ ಅಷ್ಟು ಕೆಳಗಿರುತ್ತದೆ. ರನ್‌ವೇ ಇನ್ನೂ ಒಂದೂವರೆ ಕಿಲೋಮೀಟರ್ ದೂರ ಇದೆ, ವಿಮಾನ ನೆಲದಿಂದ ಬರೀ 6 ಅಡಿ ಮೇಲಿದೆ! ಅದೃಷ್ಟಕ್ಕೆ ಮತ್ತೆ ಮೇಲಕ್ಕೆ ಎತ್ತಿದರು, ಏನೂ ಆಗಲಿಲ್ಲ. ಹಾಗಾಗಿ ಏಟಿಸ್‌ನಲ್ಲಿ (ನಿಲ್ದಾಣದ ಹವಾಮಾನ, ರನ್‌ವೇ ಮಾಹಿತಿ ಕೊಡುವ ರೇಡಿಯೋ ಪ್ರಸಾರ) ಕೇಳಿ ಬರೆದುಕೊಂಡ ಅಂಕಿಯ ಮೇಲೆ ಒಂದು ಕಣ್ಣಿರಲಿ. ಟವರ್ ಹೇಳಿದ್ದು ಅದಕ್ಕಿಂತ ಜಾಸ್ತಿ ಬೇರೆಯಾಗಿದ್ದರೆ ಕೇಳಿಬಿಡಿ.

ಈಗ ನಿಮ್ಮ ಮುಜುಗರಕ್ಕೆ ಬರೋಣ. ‘ಸೇ ಅಗೇನ್’ ಅಂದರೆ ಯಾರೂ ನಗುವುದಿಲ್ಲ. ಇಪ್ಪತ್ತು ವರ್ಷ ಹಾರಿಸಿದವರೂ ಅನ್ನುತ್ತಾರೆ. ಎಲ್ಲ ಕೇಳಿಸಿ ಎತ್ತರ ಮಾತ್ರ ತಪ್ಪಿದ್ದರೆ ‘ಸೇ ಅಗೇನ್ ಆಲ್ಟಿಟ್ಯೂಡ್’ ಅನ್ನಿ, ಅಷ್ಟೇ. ಕೈ ತುಂಬ ಕೆಲಸ ಇದ್ದರೆ ‘ಸ್ಟ್ಯಾಂಡ್‌ಬೈ’, ಅಂದರೆ ಸ್ವಲ್ಪ ತಾಳಿ, ಅನ್ನಬಹುದು. ಮೊದಲು ವಿಮಾನ, ಆಮೇಲೆ ದಾರಿ, ಮಾತು ಕೊನೆಗೆ.

ಹೊಸಬರು ಎಡವುವ ಇನ್ನೊಂದು ಜಾಗ ‘ಕಂಟಿನ್ಯೂ ಅಪ್ರೋಚ್’, ಅಂದರೆ ಇಳಿಯುವ ದಾರಿಯಲ್ಲಿ ಬರುತ್ತಿರಿ ಅಂತ ಅಷ್ಟೇ. ಕಣ್ಣೆದುರು ರನ್‌ವೇ ಖಾಲಿ ಕಾಣುತ್ತಿರುತ್ತದೆ, ಟವರ್ ದನಿಯೂ ಆರಾಮಾಗಿರುತ್ತದೆ. ಇಳಿಯಲು ಹೇಳಿದರು ಅಂದುಕೊಂಡುಬಿಡುತ್ತೇವೆ. ‘ಕ್ಲಿಯರ್ಡ್ ಟು ಲ್ಯಾಂಡ್’ ಬರುವವರೆಗೆ ಅನುಮತಿ ಇಲ್ಲ. ಬರಲೇ ಇಲ್ಲವಾ, ಕೇಳಿ. ಆಗಲೂ ಸಿಗದಿದ್ದರೆ ಗೋ ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇರುವುದು. ಅನುಮತಿ ಸಿಕ್ಕ ಮೇಲಷ್ಟೇ ಟ್ಯಾಕ್ಸಿ ಲೈಟ್ ಹಾಕುವ ಅಭ್ಯಾಸ ಕೆಲವರಿಗಿದೆ. ಕೊನೇ ಗಳಿಗೆಯಲ್ಲಿ ‘ಹೇಳಿದ್ರಾ, ಇಲ್ವಾ’ ಅಂತ ಅನುಮಾನ ಬಂದರೆ ಆ ಸ್ವಿಚ್ ನೋಡಿದರಾಯಿತು.

ರೇಡಿಯೋದಲ್ಲಿ ಮಾತಾಡುವ ಬಟನ್ ಒತ್ತಿದ ತಕ್ಷಣ ಮಾತು ಶುರು ಮಾಡಬೇಡಿ. ಮೊದಲ ಪದ ನುಂಗಿಹೋಗುತ್ತದೆ, ಅದು ಹೆಚ್ಚಾಗಿ ಕಾಲ್‌ಸೈನೇ ಆಗಿರುತ್ತದೆ.

ಪ್ರಶ್ನೆ: ಇಂಧನ ಮುಗಿಯುತ್ತಾ ಬಂದಿದೆ ಅಂತ ಪೈಲಟ್ ಹೇಳಿದರೂ ಕಂಟ್ರೋಲರ್ ಬೇಗ ಇಳಿಸದೆ ಇರುತ್ತಾರಾ?

ಉತ್ತರ: ಹೇಳುವ ರೀತಿಯ ಮೇಲೆ ಹೋಗುತ್ತದೆ. 1990ರ ಜನವರಿ 25ರಂದು ಬೊಗೊಟಾದಿಂದ ನ್ಯೂಯಾರ್ಕ್‌ಗೆ ಬಂದ ಆವಿಯಾಂಕಾ 52 ವಿಮಾನ ಒಂದು ಗಂಟೆಗೂ ಹೆಚ್ಚು ಆಕಾಶದಲ್ಲೇ ಸುತ್ತಬೇಕಾಯಿತು. ಮೊದಲ ಸಲ ಇಳಿಯಲಾಗದೆ ಮೇಲೇರುವಾಗ ಕೋ-ಪೈಲಟ್ ಎತ್ತರವನ್ನು ತಿರುಗಿ ಹೇಳಿ, ಅದರ ಬಾಲಕ್ಕೆ ‘ಇಂಧನ ಮುಗಿಯುತ್ತಿದೆ ಸರ್’ ಅಂತ ಸೇರಿಸಿದರು. ‘ಎಮರ್ಜೆನ್ಸಿ’ ಅನ್ನಲಿಲ್ಲ, ಅಪಾಯದ ಕರೆಯಾದ ‘ಮೇಡೇ’ ಅನ್ನಲಿಲ್ಲ. ಕಂಟ್ರೋಲರ್‌ಗೆ ಅದು ಮಾಮೂಲಿ ಮಾತಿನ ಹಾಗೆ ಕೇಳಿಸಿತು. ಸ್ವಲ್ಪ ಹೊತ್ತಿನಲ್ಲೇ ಎಂಜಿನ್‌ಗಳು ನಿಂತವು. 73 ಜನ ಸತ್ತರು.

ಈಗ ಇದಕ್ಕೆ ಎರಡು ಮೆಟ್ಟಿಲು ಇವೆ. ‘ಮಿನಿಮಮ್ ಫ್ಯೂಯಲ್’ ಅಂದರೆ ಇನ್ನು ತಡವಾದರೆ ಕಷ್ಟ ಅಂತ ತಿಳಿಸಿದ ಹಾಗೆ. ಅಷ್ಟಕ್ಕೇ ಸಾಲಿನಲ್ಲಿ ಮುಂದೆ ಬಿಡುವುದಿಲ್ಲ. ಕಡ್ಡಾಯವಾಗಿ ಉಳಿಸಿಕೊಳ್ಳಬೇಕಾದ ಕೊನೆಯ ಇಂಧನಕ್ಕೇ ಕೈ ಹಾಕುವ ಸ್ಥಿತಿ ಬಂದರೆ ‘ಮೇಡೇ ಮೇಡೇ ಮೇಡೇ ಫ್ಯೂಯಲ್’. ಆಗ ದಾರಿ ಬಿಡುತ್ತಾರೆ.