ಹೊಗೆ ಬಂದ ಮಾತ್ರಕ್ಕೆ ಟರ್ಬೊ ಹೋಯ್ತು ಅನ್ನಬೇಡಿ

ಪ್ರಶ್ನೆ: ನನ್ನದು 1.8 ಲೀಟರ್ ಟರ್ಬೊ ಪೆಟ್ರೋಲ್ ಸೆಡಾನ್, ಆರು ಗೇರಿನ ಮ್ಯಾನ್ಯುಯಲ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಿಂದಿನ ಮಾಲೀಕರು ರೀಮ್ಯಾಪ್ ಮಾಡಿಸಿದ್ದರು, ಅಂದರೆ ಎಂಜಿನ್ ಕಂಪ್ಯೂಟರಿನ ಫೈಲ್ ಬದಲಿಸಿ ಶಕ್ತಿ ಹೆಚ್ಚಿಸಿದ್ದರು. 180 ಕುದುರೆ ಇದ್ದದ್ದು ಈಗ 230ರ ಹತ್ತಿರ ಅಂದಿದ್ದರು. 71,000 ಕಿ.ಮೀ. ಓಡಿದೆ. ಹೋದ ತಿಂಗಳು ಬೆಂಗಳೂರಿನಿಂದ ಬರುವಾಗ, ಶಿರಾ ದಾಟಿದ ಮೇಲೆ ಒಂದು ಲಾರಿ ಹಿಂದೆ ನಿಧಾನವಾಗಿ ಬರುತ್ತಿದ್ದೆ. ಜಾಗ ಸಿಕ್ಕಿದ್ದೇ ತಡ, ಆರನೇ ಗೇರಲ್ಲೇ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. 'ಟಕ್' ಅಂತ ಒಂದೇ ಸದ್ದು. ಗಾಡಿ ನಡುಗತೊಡಗಿತು, ಎಂಜಿನ್ ಲೈಟ್ ಮಿನುಗಿತು, ಹಿಂದೆ ನೀಲಿ ಹೊಗೆ. ಬಾನೆಟ್ ಎತ್ತಿದರೆ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಮೇಲೆ ಎದ್ದಿತ್ತು, ಸುತ್ತ ಆಯಿಲ್ ಚೆಲ್ಲಿತ್ತು. ಸ್ಕ್ಯಾನ್ ಚೀಟಿಯಲ್ಲಿ ಪಿ0300 ಮತ್ತು ಪಿ0302 ಅಂತಿದೆ. ಇಲ್ಲಿನ ಗ್ಯಾರೇಜಿನವರು ಟರ್ಬೊ ಹೋಗಿದೆ, ಒಂದು ಲಕ್ಷದ ಹತ್ತು ಸಾವಿರ ಆಗುತ್ತದೆ ಅನ್ನುತ್ತಾರೆ. ರೀಮ್ಯಾಪ್ ಮಾಡಿದವರನ್ನು ಕೇಳಿದರೆ 'ನಮ್ಮ ಫೈಲ್ ಸರಿ ಇದೆ, ನಿಮ್ಮ ಪೆಟ್ರೋಲ್ ಸರಿ ಇಲ್ಲ' ಅನ್ನುತ್ತಾರೆ. ಯಾರನ್ನು ನಂಬಲಿ?
— ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಗ್ಯಾರೇಜಿಗೆ ಹೋಗಿ ಕೀ ವಾಪಸ್ ಇಸ್ಕೊಳ್ಳಿ. 'ಒಂದ್ಸಲ ಸ್ಟಾರ್ಟ್ ಮಾಡಿ ಸದ್ದು ಕೇಳೋಣ ಸಾರ್' ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಬೇಡ. ಒಳಗೆ ಪಿಸ್ಟನ್ ಚೂರು ಬಿದ್ದಿದ್ದರೆ, ಪ್ರತಿ ಸುತ್ತಿಗೂ ಅದು ಸಿಲಿಂಡರ್ ಗೋಡೆಯನ್ನು ಗೀರುತ್ತದೆ. ಪಿಸ್ಟನ್ನಿನಲ್ಲಿ ಮುಗಿಯುವ ಖರ್ಚು ಬ್ಲಾಕಿಗೆ ಹೋಗಿ ನಿಲ್ಲುತ್ತದೆ.

ನಿಮ್ಮ ಕಾಗದದಲ್ಲೇ ಅರ್ಧ ಉತ್ತರ ಇದೆ. ಪಿ0300 ಅಂದರೆ ಮಿಸ್ಸಿಂಗ್ ಇದೆ, ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತ ಅಷ್ಟೇ, ಯಾವ ಸಿಲಿಂಡರ್ ಅಂತ ಅದು ಹೇಳುವುದಿಲ್ಲ. ಪಿ0302 ಅಂದರೆ ಎರಡನೇ ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿದೆ ಅಂತ. ಟರ್ಬೊ ಸಾಕಷ್ಟು ಗಾಳಿ ಕೊಡದೇ ಇದ್ದಿದ್ದರೆ ಸಾಮಾನ್ಯವಾಗಿ ಪಿ0299 ಬರಬೇಕಿತ್ತು. ನಿಮ್ಮ ಚೀಟಿಯಲ್ಲಿ ಅದಿಲ್ಲ. ಟರ್ಬೊ ಅನ್ನುವುದು ನಾಲ್ಕೂ ಸಿಲಿಂಡರಿಗೆ ಒಂದೇ ಅಡುಗೆಮನೆ ಇದ್ದ ಹಾಗೆ. ಅಡುಗೆ ಕೆಟ್ಟಿದ್ದರೆ ಪಂಕ್ತಿಯಲ್ಲಿ ಕೂತ ನಾಲ್ಕೂ ಜನಕ್ಕೆ ಹೊಟ್ಟೆನೋವು ಬರಬೇಕು. ಒಬ್ಬನಿಗೇ ಬಂದಿದೆ ಅಂದರೆ ಅವನ ಎಲೆ ನೋಡಬೇಕು, ಅಲ್ವಾ?

ಇನ್ನೊಂದು ಸಾಕ್ಷಿ ಡಿಪ್‌ಸ್ಟಿಕ್. ಅದು ತಾನಾಗಿ ಮೇಲೆ ಏಳುವುದಿಲ್ಲ. ಕೆಳಗೆ ಆಯಿಲ್ ನಿಲ್ಲುವ ಸಂಪಿನಲ್ಲಿ ಒತ್ತಡ ತುಂಬಿದರೆ ಮಾತ್ರ ಏಳುತ್ತದೆ. ಪಿಸ್ಟನ್ ಮೇಲೆ ಇರಬೇಕಾದ ಉರಿಗಾಳಿ, ಪಿಸ್ಟನ್ ಸುತ್ತ ಇರುವ ರಿಂಗ್ ದಾಟಿ ಕೆಳಗೆ ನುಗ್ಗಿದೆ ಅಂತ ನನ್ನ ಅನುಮಾನ.

ಹಾಗಾದರೆ ನೀಲಿ ಹೊಗೆ ಯಾಕೆ? ಇಲ್ಲೇ ನಾನೂ ಒಮ್ಮೆ ಎಡವಿದ್ದೇನೆ. ಹತ್ತು ವರ್ಷದ ಹಿಂದೆ ಇಂಥದ್ದೇ ಒಂದು ಕಾರು ನನ್ನ ಶೆಡ್ಡಿಗೆ ಬಂತು. ಟರ್ಬೊ ಪೈಪ್ ಬಿಚ್ಚಿದರೆ ಒಳಗೆಲ್ಲ ಆಯಿಲ್. ಇನ್ನೇನು ನೋಡೋದು ಅಂತ ಹೊಸ ಟರ್ಬೊ ಹಾಕಿ ಕೊಟ್ಟೆ. ನೆಲಮಂಗಲ ಟೋಲ್ ದಾಟುವ ಮೊದಲೇ ಫೋನ್ ಬಂತು. ಅದೇ ಹೊಗೆ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಬುದ್ಧಿ ಬಂತು. ಟರ್ಬೊಗೆ ಹೋದ ಆಯಿಲ್ ವಾಪಸ್ ಸಂಪಿಗೆ ಇಳಿಯುವುದು ಒಂದು ದಪ್ಪ ಪೈಪಿನಲ್ಲಿ, ಬರೀ ತನ್ನ ತೂಕದಿಂದ. ಅಲ್ಲಿ ಪಂಪ್ ಇಲ್ಲ. ಸಂಪಿನಲ್ಲಿ ಒತ್ತಡ ಇದ್ದರೆ ಆಯಿಲ್ ಇಳಿಯಲಾರದೆ ಟರ್ಬೊದ ಸೀಲ್ ದಾಟಿ ಹೊರಗೆ ಬರುತ್ತದೆ. ಚರಂಡಿ ಕಟ್ಟಿಕೊಂಡರೆ ಬಚ್ಚಲಲ್ಲಿ ನೀರು ನಿಲ್ಲುತ್ತದೆ. ನಾನು ಮಾಡಿದ್ದು ಬಚ್ಚಲು ಒಡೆದು ಹೊಸದು ಕಟ್ಟಿದ ಕೆಲಸ. ಆ ಟರ್ಬೊ ದುಡ್ಡು ನನ್ನ ಕೈಯಿಂದಲೇ ಹೋಯಿತು.

ಆದ್ದರಿಂದ ಒಂದು ಲಕ್ಷದ ಹತ್ತು ಸಾವಿರ ಈಗಲೇ ಕೊಡಬೇಡಿ. ಮೊದಲು ಅರ್ಧ ದಿನದ ಕೆಲಸ ಮಾಡಿಸಿ, ನೀವೂ ಪಕ್ಕದಲ್ಲಿ ನಿಂತಿರಿ.

ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿಸಿ. ನನ್ನ ಶೆಡ್ಡಲ್ಲಿ ಇದಕ್ಕೆ ಮೊಟ್ಟೆ ಟ್ರೇ ಇಟ್ಟಿದ್ದೇನೆ, ಗುಂಡಿಗಳ ಪಕ್ಕ ಮಾರ್ಕರಲ್ಲಿ ನಂಬರ್ ಬರೆದಿದ್ದೇನೆ. ಒಂದಕ್ಕೊಂದು ಅದಲು ಬದಲಾದರೆ ಸಾಕ್ಷಿಯೇ ಹೋಯಿತು. ಎರಡನೇ ಪ್ಲಗ್ಗನ್ನು ಬಿಸಿಲಿಗೆ ಹಿಡಿದು, ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ ನೋಡಿ. ಆಯಿಲ್‌ನಲ್ಲಿ ನೆಂದಿದ್ದರೆ ಆ ಸಿಲಿಂಡರಿಗೆ ಆಯಿಲ್ ಬರುತ್ತಿದೆ ಅಂತ ಅರ್ಥ. ಬಿಳಿ ಪಿಂಗಾಣಿ ಮೇಲೆ ಸಾಸಿವೆಗಿಂತ ಸಣ್ಣ ಬೆಳ್ಳಿ ಬಣ್ಣದ ಚುಕ್ಕಿ ಇದ್ದರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಆ ಚುಕ್ಕಿ ಕಂಡ ಎಂಜಿನ್ನನ್ನು ಬಿಚ್ಚದೆ ಬಿಟ್ಟಿದ್ದು ನನಗೆ ನೆನಪಿಲ್ಲ.

ಆಮೇಲೆ ಕಂಪ್ರೆಷನ್ ಗೇಜ್. ಫ್ಯೂಯಲ್ ಮತ್ತು ಇಗ್ನಿಷನ್ ಕಟ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು, ಚಾರ್ಜ್ ಇರುವ ಬ್ಯಾಟರಿಯಲ್ಲಿ ಕ್ರ್ಯಾಂಕ್ ಮಾಡಬೇಕು. ಇಲ್ಲಿ ಕೆಲವೇ ಸುತ್ತು ತಿರುಗುವುದು, ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಹಾಗಾಗಿ ಅಷ್ಟು ಅಪಾಯ ಇಲ್ಲ. ಹೋಲಿಕೆ ಮುಖ್ಯ. ಉಳಿದ ಮೂರರಲ್ಲಿ 11, 12 ಬಾರ್ ಬಂದು ಎರಡನೆಯದರಲ್ಲಿ 4 ಬಂದರೆ ತಪ್ಪಿತಸ್ಥ ಸಿಕ್ಕಿದ. ಆದರೆ ಅವನು ಏನು ಮಾಡಿದ ಅಂತ ಗೇಜ್ ಹೇಳುವುದಿಲ್ಲ. ಅದನ್ನು ಹೇಳುವುದು ಲೀಕ್ ಡೌನ್ ಟೆಸ್ಟ್.

ನನಗೆ ತುಂಬ ಇಷ್ಟದ ಟೆಸ್ಟ್ ಇದು. ಎರಡನೇ ಪಿಸ್ಟನ್ನನ್ನು ಎರಡೂ ಬಗೆಯ ವಾಲ್ವ್ ಮುಚ್ಚಿರುವ ಜಾಗದಲ್ಲಿ, ಅಂದರೆ ಕಂಪ್ರೆಷನ್ನಿನ ತುತ್ತತುದಿಗೆ ತಂದು ನಿಲ್ಲಿಸಿ, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಡುತ್ತಾರೆ. ಕ್ರ್ಯಾಂಕ್ ಗಟ್ಟಿಯಾಗಿ ಹಿಡಿದಿರಬೇಕು. ಇಲ್ಲದಿದ್ದರೆ ಸ್ಪ್ಯಾನರ್ ಸುತ್ತಿ ಕೈಗೆ ಬಡಿಯುತ್ತದೆ, ನನ್ನ ಎಡಗೈ ಹೆಬ್ಬೆರಳನ್ನು ಕೇಳಿ. ಕೊಟ್ಟ ಗಾಳಿಯಲ್ಲಿ ನೂರಕ್ಕೆ ಎಷ್ಟು ಸೋರುತ್ತದೆ ಅಂತ ಗೇಜ್ ತೋರಿಸುತ್ತದೆ. 10ರ ಆಸುಪಾಸು ಇದ್ದರೆ ಎಂಜಿನ್ ಚೆನ್ನಾಗಿದೆ. 20 ದಾಟಿದರೆ ಹುಡುಕಬೇಕು. ಮುರಿದ ಪಿಸ್ಟನ್ನಿನಲ್ಲಿ 60, 70 ನೋಡಿದ್ದೇನೆ.

ಈಗ ಶೆಡ್ಡಿನ ರೇಡಿಯೊ ಆಫ್ ಮಾಡಿಸಿ ಕಿವಿ ಕೊಡಿ. ಗಾಳಿ ಎಲ್ಲಿಂದ ಹೊರಗೆ ಬರುತ್ತಿದೆ? ಸೈಲೆನ್ಸರಿನಲ್ಲಿ 'ಸುಸ್ಸ್' ಅಂದರೆ ಎಕ್ಸಾಸ್ಟ್ ವಾಲ್ವ್. ಏರ್ ಫಿಲ್ಟರ್ ಕಡೆಯಿಂದ ಬಂದರೆ ಇನ್‌ಟೇಕ್ ವಾಲ್ವ್. ರೇಡಿಯೇಟರ್ ನೀರಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಆಯಿಲ್ ಹಾಕುವ ಬಾಯಿಯಲ್ಲಿ ಊದಿದ ಹಾಗೆ ಬಂದರೆ ರಿಂಗ್ ಇಲ್ಲವೇ ಪಿಸ್ಟನ್. ನಿಮ್ಮ ಕಾರಿನಲ್ಲಿ ಇದೇ ಕೊನೆಯದು ಅಂತ ನಾನು ಅಂದುಕೊಂಡಿದ್ದೇನೆ. ಆ ಬಾಯಿಗೆ ಒಂದು ಟಿಶ್ಯೂ ಕಾಗದ ಹಿಡಿದು ನೋಡಿ, ಹಾರಿದರೆ ವಾದವೇ ಬೇಡ.

ಫೋನಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ಒಳಗೆ ಬಿಟ್ಟೂ ನೋಡಬಹುದು. ಆದರೆ ಪಿಸ್ಟನ್ ತಲೆ ನುಣ್ಣಗೆ ಕಂಡಿತು ಅಂತ ನೆಮ್ಮದಿ ಪಡಬೇಡಿ. ಇಂಥ ಕೇಸಲ್ಲಿ ಮುರಿಯುವುದು ಬಹಳ ಸಲ ಮೇಲಿನ ರಿಂಗಿಗೂ ಎರಡನೇ ರಿಂಗಿಗೂ ನಡುವಿನ ಅಂಚು. ಅದು ಪಿಸ್ಟನ್ನಿನ ಪಕ್ಕದಲ್ಲಿ ಇರುವುದರಿಂದ ಮೇಲಿನಿಂದ ಕಾಣುವುದಿಲ್ಲ. ಗೋಡೆ ಮೇಲೆ ಉದ್ದಕ್ಕೆ ಗೀರು ಇದೆಯಾ ನೋಡಿ.

ಟರ್ಬೊವನ್ನೂ ಸುಮ್ನೆ ಬಿಡಬೇಡಿ. ಪೈಪ್ ಬಿಚ್ಚಿ ಶಾಫ್ಟನ್ನು ಬೆರಳಲ್ಲಿ ಅಲ್ಲಾಡಿಸಿ. ಪಕ್ಕಕ್ಕೆ ಕೂದಲೆಳೆಯಷ್ಟು ಆಡಿದರೆ ಪರವಾಗಿಲ್ಲ. ಹಿಂದೆ ಮುಂದೆ ಆಡಿದರೆ, ಇಲ್ಲವೇ ರೆಕ್ಕೆ ಗೋಡೆಗೆ ತಾಗಿದ ಗುರುತಿದ್ದರೆ ಮಾತ್ರ ಅದು ಹೋಗಿದೆ. ಮುರಿದ ಪಿಸ್ಟನ್ ಚೂರು ಎಕ್ಸಾಸ್ಟ್ ವಾಲ್ವ್ ಮೂಲಕ ಹೊರಗೆ ಹಾರಿ ಬಿಸಿ ಕಡೆಯ ರೆಕ್ಕೆಗೆ ಹೊಡೆದಿರುವುದೂ ಉಂಟು. ಆ ಕಡೆಯನ್ನೂ ಟಾರ್ಚ್ ಹಾಕಿ ನೋಡಲಿ.

ಕೊನೆಗೆ ಆಯಿಲನ್ನು ಹಳೇ ಪಂಚೆ ಬಟ್ಟೆಯಲ್ಲಿ ಸೋಸಿ. ಮಿಣಮಿಣ ಚೂರು ಸಿಕ್ಕರೆ ಆಯಸ್ಕಾಂತ ಹಿಡಿಯಿರಿ. ಅಂಟಿದ್ದು ರಿಂಗಿನ ಚೂರು ಇರಬಹುದು, ಅಂಟದೆ ಉಳಿದದ್ದು ಪಿಸ್ಟನ್ನಿಂದು ಇರಬಹುದು.

ಇನ್ನು ನಿಮ್ಮ ಎರಡನೇ ಜಗಳ, ಫೈಲಾ ಪೆಟ್ರೋಲಾ ಅನ್ನುವುದು. ಬೇಜಾರು ಮಾಡಿಕೊಳ್ಳಬೇಡಿ, ಮೂರನೇ ಪಾಲು ನಿಮ್ಮ ಬಲಗಾಲಿನದ್ದು. ಲಾರಿ ಹಿಂದೆ 60ರಲ್ಲಿ ಬರುವಾಗ ಆರನೇ ಗೇರಲ್ಲಿ ಎಂಜಿನ್ 1,500 ಸುತ್ತಿನ ಆಸುಪಾಸು ಇರುತ್ತದೆ. ಅಲ್ಲಿ ಪೂರ್ತಿ ಒತ್ತಿದರೆ ಟರ್ಬೊ ಗಾಳಿ ತುಂಬುತ್ತದೆ, ಆದರೆ ಪಿಸ್ಟನ್ ನಿಧಾನವಾಗಿ ಏಳುತ್ತಿರುತ್ತದೆ. ಆ ಬಿಸಿ, ಆ ಒತ್ತಡದಲ್ಲಿ ಗೋಡೆಯಿಂದ ಸಿಡಿದ ಆಯಿಲ್ ಹನಿಯೋ ಕಾರ್ಬನ್ ಚೂರೋ ಪ್ಲಗ್ ಕಿಡಿಗೂ ಮೊದಲೇ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ಇನ್ನೂ ಮೇಲೆ ಬರುತ್ತಿದೆ, ಮೇಲಿನಿಂದ ಬೆಂಕಿ ಕೆಳಗೆ ತಳ್ಳುತ್ತಿದೆ. ನೀವು ಕೇಳಿದ 'ಟಕ್' ಅದೇ ಇರಬಹುದು. ಇದಕ್ಕೆ ಲೋ ಸ್ಪೀಡ್ ಪ್ರೀ ಇಗ್ನಿಷನ್ ಅನ್ನುತ್ತಾರೆ. ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೇ ಚಿಮ್ಮಿಸುವ ಟರ್ಬೊ ಎಂಜಿನ್ನುಗಳ ಕಾಯಿಲೆ ಇದು. ಇದಕ್ಕೋಸ್ಕರವೇ 2018ರಲ್ಲಿ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಎಸ್ಎನ್ ಪ್ಲಸ್, 2020ರಲ್ಲಿ ಎಸ್‌ಪಿ ಅನ್ನುವ ಆಯಿಲ್ ದರ್ಜೆ ಬಂದವು. ಆಯಿಲ್‌ನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಈ ಕಾಟ ಜಾಸ್ತಿ ಅಂತ ಗೊತ್ತಾದ ಮೇಲೆ ಅದನ್ನು ತಗ್ಗಿಸಿ ಮೆಗ್ನೀಸಿಯಂ ಸೇರಿಸತೊಡಗಿದರು. ನಿಮ್ಮ ಆಯಿಲ್ ಡಬ್ಬದ ಹಿಂದೆ ಏನು ಬರೆದಿದೆ ನೋಡಿ.

ಕಂಪನಿಯವರು ಕಡಿಮೆ ಸುತ್ತಿನಲ್ಲಿ ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಹಿಡಿದಿಡುವುದು ಜಿಪುಣತನಕ್ಕಲ್ಲ. ಟ್ಯೂನ್ ಮಾಡುವವರು ಕೆಲವರು 'ಪಿಕಪ್ ನೋಡಿ ಸಾರ್' ಅಂತ ತೋರಿಸಲು ಮೊದಲು ಕೈ ಹಾಕುವುದೇ ಅಲ್ಲಿಗೆ. ಹಾಗಾಗಿ 'ಫೈಲ್ ಸರಿ ಇದೆ' ಅನ್ನುವ ಬಾಯಿಮಾತು ಸಾಲದು, ಲಾಗ್, ಅಂದರೆ ಗಾಡಿ ಓಡುವಾಗ ದಾಖಲಾದ ಅಂಕಿ, ಕೇಳಿ. ಪ್ರತಿ ಸಿಲಿಂಡರಿನಲ್ಲಿ ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುವುದು) ತಡೆಯಲು ಕಿಡಿಯ ಟೈಮಿಂಗ್ ಎಷ್ಟು ಡಿಗ್ರಿ ಹಿಂದೆ ಹೋಗಿದೆ, ಪೂರ್ತಿ ಒತ್ತಿದಾಗ ಲ್ಯಾಂಬ್ಡಾ (ಗಾಳಿ ಮತ್ತು ಪೆಟ್ರೋಲಿನ ಪ್ರಮಾಣ) ಎಷ್ಟು, ಫ್ಯೂಯಲ್ ರೈಲ್ ಒತ್ತಡ ಕುಸಿಯುತ್ತಿತ್ತಾ, ಈ ಮೂರು ಸಾಕು. ಎರಡನೇ ಸಿಲಿಂಡರ್ ಮಾತ್ರ ಮೊದಲಿನಿಂದಲೂ ಏಳೆಂಟು ಡಿಗ್ರಿ ಹಿಂದೆ ಸರಿಯುತ್ತಿದ್ದರೆ ಅದರ ಇಂಜೆಕ್ಟರ್ ಅರ್ಧ ಕಟ್ಟಿಕೊಂಡಿರಬಹುದು. ಅದನ್ನು ಬಿಚ್ಚಿ ಟೆಸ್ಟ್ ಮಾಡಿಸಲೇಬೇಕು. ಹೊಸ ಪಿಸ್ಟನ್ ಹಾಕಿ ಹಳೇ ಇಂಜೆಕ್ಟರ್ ಬಿಟ್ಟರೆ ಆರು ತಿಂಗಳಲ್ಲಿ ಮತ್ತೆ ನನಗೆ ಕಾಗದ ಬರೆಯುತ್ತೀರಿ. ಫೈಲ್ ಯಾವ ಆಕ್ಟೇನಿಗೆ (ನಾಕಿಂಗ್ ತಡೆಯುವ ಪೆಟ್ರೋಲ್ ದರ್ಜೆಗೆ) ಬರೆದದ್ದು ಅಂತಲೂ ಬರೆಸಿಕೊಳ್ಳಿ. 100 ಆಕ್ಟೇನ್ ನಂಬಿ ಬರೆದ ಫೈಲ್ ಇಟ್ಟುಕೊಂಡು, ಹೈವೇಯಲ್ಲಿ ಸಿಕ್ಕ ಬಂಕಲ್ಲಿ ತುಂಬಿಸಿದರೆ ಪೆಟ್ರೋಲನ್ನು ಬೈದು ಏನು ಪ್ರಯೋಜನ? ಆ ಪೆಟ್ರೋಲ್ ಕೆಲವೇ ಊರುಗಳ ಕೆಲವೇ ಬಂಕಲ್ಲಿ ಸಿಗುವುದು ಅಂತ ಫೈಲ್ ಬರೆದವರಿಗೂ ಗೊತ್ತು.

ಬಿಚ್ಚಿದ ಮೇಲೆ ಒಂದೇ ಪಿಸ್ಟನ್ ಬದಲಿಸಿ ಅನ್ನುವವರ ಮಾತು ಕೇಳಬೇಡಿ. ಉಳಿದ ಮೂರೂ ಅದೇ ಫೈಲಿನಲ್ಲಿ ಅದೇ ಏಟು ತಿಂದಿವೆ. ನಾಲ್ಕೂ ಬದಲಿಸಿ, ಕನೆಕ್ಟಿಂಗ್ ರಾಡ್ ಬಾಗಿದೆಯಾ ಅಂತ ಲೇತಿನವರಲ್ಲಿ ಅಳೆಸಿ, ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಒಳಗೆ ತುಂಬಿದ ಆಯಿಲ್ ತೊಳೆಸಿ. ಇದನ್ನು ಮರೆತರೆ ರಿಪೇರಿ ಮುಗಿದ ಮೊದಲ ದಿನವೇ ಮತ್ತೆ ನೀಲಿ ಹೊಗೆ ಬರುತ್ತದೆ. ಫೋರ್ಜ್ಡ್ (ಬಡಿದು ಗಟ್ಟಿ ಮಾಡಿದ) ಪಿಸ್ಟನ್ ಹಾಕಿಸಲಾ ಅಂತ ಮುಂದೆ ಕೇಳುತ್ತೀರಿ, ಗೊತ್ತು. ಕಂಪನಿ ಫೈಲಿಗೆ ವಾಪಸ್ ಹೋಗುವುದಾದರೆ ಬೇಡ. ಚಳಿಗೆ ಬೆಳಿಗ್ಗೆ 'ಟಕಟಕ' ಅನ್ನುತ್ತವೆ, ನಿಮಗೆ ಮತ್ತೆ ಎದೆ ಧಸಕ್ ಅನ್ನುತ್ತದೆ.

ಸಮಾಧಾನಕ್ಕೆ ಒಂದು ಹಳೇ ಕಥೆ. 1977ರಲ್ಲಿ ರೆನೋ ಮೊದಲ ಸಲ ಫಾರ್ಮುಲಾ ಒನ್ ರೇಸಿಗೆ ಟರ್ಬೊ ಕಾರು ತಂದಾಗ, ಅದು ಹೊಗೆ ಬಿಟ್ಟು ನಿಲ್ಲುವುದು ನೋಡಿ ಜನ 'ಹಳದಿ ಟೀ ಕೆಟಲ್' ಅಂತ ಹೆಸರಿಟ್ಟರು. 1979ರಲ್ಲಿ ಅದೇ ತಂಡ ತನ್ನ ದೇಶದ ಫ್ರೆಂಚ್ ಗ್ರ್ಯಾನ್ ಪ್ರೀಯನ್ನೇ ಗೆದ್ದಿತು. ನಿಮ್ಮ ಎರಡನೇ ಪ್ಲಗ್ಗಿನ ಫೋಟೊ ತೆಗೆದು ಕಳಿಸಿ, ನೋಡೋಣ.

ಪ್ರಶ್ನೆ: ರೀಮ್ಯಾಪ್ ಆದ ಮೇಲೆ ನನ್ನ 1 ಲೀಟರ್ ಟರ್ಬೊ ಕಾರು ಪೂರ್ತಿ ರೇಸ್ ಕೊಟ್ಟಾಗ ಕೆಮ್ಮಿದ ಹಾಗೆ ತಡವರಿಸುತ್ತದೆ. ಹೊಗೆ ಇಲ್ಲ, ನಿಧಾನಕ್ಕೆ ಓಡಿಸಿದರೆ ಏನೂ ಇಲ್ಲ. ಎಂಜಿನ್ ಬೋರಿಗೆ ಬಂತಾ, ಅಂದರೆ ಬಿಚ್ಚಿ ಸಿಲಿಂಡರ್ ಕೊರೆಸಬೇಕಾ?
— ಮಂಗಳೂರಿನ ಓದುಗರು

ಉತ್ತರ: ಇಲ್ಲ, ಇಷ್ಟಕ್ಕೇ ಬೋರ್ ತನಕ ಹೋಗಬೇಡಿ. ಒತ್ತಡ ಹೆಚ್ಚಿದಷ್ಟೂ ಪ್ಲಗ್ ಕಿಡಿ ಹಾರುವುದು ಕಷ್ಟ. ಗಾಳಿಯಲ್ಲಿ ಬೆಂಕಿಕಡ್ಡಿ ಗೀರಿದ ಹಾಗೆ. ಪ್ಲಗ್ ಗ್ಯಾಪ್ ಅಳೆಸಿ. ಸವೆದು 0.9, 1 ಮಿ.ಮೀ. ಆಗಿದ್ದರೆ ಹೊಸ ಪ್ಲಗ್ ಹಾಕಿ 0.7ರ ಹತ್ತಿರ ಇಡಿಸಿ. ಆಮೇಲೂ ಕೆಮ್ಮಿದರೆ ಇಗ್ನಿಷನ್ ಕಾಯಿಲ್ ಒಂದರ ಜಾಗಕ್ಕೆ ಇನ್ನೊಂದು ಬದಲಿಸಿ. ಮಿಸ್ಸಿಂಗ್ ಕೋಡ್ ಕೂಡ ಕಾಯಿಲ್ ಹಿಂದೆಯೇ ಹೋದರೆ ಕಳ್ಳ ಅದೇ. ಅಲ್ಲಿಯವರೆಗೆ ಪೂರ್ತಿ ರೇಸ್ ಕೊಡಬೇಡಿ, ಸುಡದೆ ಹೋದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ.

ಪ್ರಶ್ನೆ: ಟ್ಯೂನ್ ಮಾಡಿದವರು 1.3 ಬಾರ್ ಬೂಸ್ಟ್ ಅಂದಿದ್ದರು. ಮೊಬೈಲ್ ಆ್ಯಪಿನಲ್ಲಿ 2.2 ತೋರಿಸುತ್ತಿದೆ. ಎಂಜಿನ್ ಒಡೆಯುತ್ತದಾ?
— ಬೆಂಗಳೂರು, ರಾಜಾಜಿನಗರ

ಉತ್ತರ: ಒಡೆಯುವುದಿಲ್ಲ, ಲೆಕ್ಕ ಸರಿಯಾಗಿಯೇ ಇದೆ. ಆ್ಯಪ್ ಹೊರಗಿನ ವಾತಾವರಣದ ಒತ್ತಡವನ್ನೂ ಸೇರಿಸಿ ತೋರಿಸುತ್ತದೆ. ಸಮುದ್ರದ ಮಟ್ಟದಲ್ಲಿ ಅದು ಸುಮಾರು 1 ಬಾರ್. ನಮ್ಮ ಬೆಂಗಳೂರು 900 ಮೀಟರಿಗೂ ಎತ್ತರ, ಇಲ್ಲಿ 0.9ರ ಆಸುಪಾಸು. 2.2ರಲ್ಲಿ ಅದನ್ನು ಕಳೆದರೆ ಅವರು ಹೇಳಿದ್ದ 1.3 ಬಂತು. ಎಂಜಿನ್ ಆಫ್ ಮಾಡಿ ಇಗ್ನಿಷನ್ ಮಾತ್ರ ಆನ್ ಇಟ್ಟು ಆ್ಯಪ್ ನೋಡಿ, 0.9 ತೋರಿಸುತ್ತದೆ.