ಆಪ್ಟ್‌ನಲ್ಲಿ ಹಾಕಿದರೂ ಫೈರ್‌ಫಾಕ್ಸ್ ಮತ್ತೆ ಸ್ನ್ಯಾಪ್ ಆಗಿಯೇ ಬರುವುದು ಯಾಕೆ?

ಉಬುಂಟು 22.04ರಲ್ಲಿ ಸ್ನ್ಯಾಪ್ ಫೈರ್‌ಫಾಕ್ಸ್ ತೆಗೆದು, ಟರ್ಮಿನಲ್‌ನಲ್ಲಿ 'ಸುಡೊ ಆಪ್ಟ್ ಇನ್‌ಸ್ಟಾಲ್ ಫೈರ್‌ಫಾಕ್ಸ್' ಕೊಟ್ಟರೂ ಮತ್ತೆ ಸ್ನ್ಯಾಪೇ ಬರುತ್ತದೆ ಅಂತ ಕೇಳಿದ್ದೀರಿ. (ಉಬುಂಟು ಅಂದರೆ ಲಿನಕ್ಸ್‌ನ ಒಂದು ರೂಪ; ಆಪ್ಟ್ ಮತ್ತು ಸ್ನ್ಯಾಪ್ ಅಂದರೆ ಅದರಲ್ಲಿ ತಂತ್ರಾಂಶ ಹಾಕುವ ಎರಡು ಬೇರೆ ಬೇರೆ ವಿಧಾನಗಳು.) ನಾನಿರುವುದು ಕಾಸರಗೋಡಿನಲ್ಲಿ. ಇಲ್ಲಿ ಕನ್ನಡ ಮಾಧ್ಯಮದ ಮಕ್ಕಳೂ ಶಾಲೆಯಲ್ಲೇ ಲಿನಕ್ಸ್ ಕಲಿಯುತ್ತಾರೆ. ಹಾಗಾಗಿ ಇದೇ ಪ್ರಶ್ನೆಯನ್ನು ಮನೆಯವರು, ನೆರೆಯವರು ನನ್ನ ಹತ್ತಿರ ಕೇಳುವುದುಂಟು.

ನಿಮ್ಮ ಕಮಾಂಡ್ ಸರಿಯಾಗಿಯೇ ಇದೆ. ಆದರೆ 22.04ರಿಂದ ಉಬುಂಟುವಿನ ಆಪ್ಟ್‌ನಲ್ಲಿರುವ ಫೈರ್‌ಫಾಕ್ಸ್ ಪ್ಯಾಕೇಜಿನೊಳಗೆ ಬ್ರೌಸರೇ ಇಲ್ಲ. ಸ್ನ್ಯಾಪನ್ನು ತಂದು ಹಾಕುವುದಷ್ಟೇ ಅದರ ಕೆಲಸ. 'ಆಪ್ಟ್ ಪಾಲಿಸಿ ಫೈರ್‌ಫಾಕ್ಸ್' ಕೊಟ್ಟು ನೋಡಿ, ವರ್ಷನ್ ಸಾಲಿನಲ್ಲೇ '1ಸ್ನ್ಯಾಪ್1' ಅಂತ ಕಾಣುತ್ತದೆ. (ಕಮಾಂಡ್‌ಗಳನ್ನು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು.)

ಸ್ನ್ಯಾಪ್ ತೆಗೆಯುವ ಮೊದಲು ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳನ್ನು ಬ್ರೌಸರಿನಿಂದಲೇ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಇದನ್ನು ದಯವಿಟ್ಟು ಬಿಡಬೇಡಿ. ಸ್ನ್ಯಾಪ್ ತೆಗೆದಾಗ ಅದರ ಫೋಲ್ಡರಿನಲ್ಲಿದ್ದ ನಿಮ್ಮ ಪ್ರೊಫೈಲ್ (ಬುಕ್‌ಮಾರ್ಕ್, ಪಾಸ್‌ವರ್ಡ್ ಇತ್ಯಾದಿ) ಕೂಡ ಹೋಗುತ್ತದೆ. ಸುಮ್ನೆ 'ಸುಡೊ ಸ್ನ್ಯಾಪ್ ರಿಮೂವ್ ಫೈರ್‌ಫಾಕ್ಸ್' ಅಂದರೆ ಸಾಮಾನ್ಯವಾಗಿ 31 ದಿನ ಒಂದು ನಕಲು ಉಳಿದಿರುತ್ತದೆ, 'ಸ್ನ್ಯಾಪ್ ಸೇವ್ಡ್' ಕೊಟ್ಟರೆ ಕಾಣುತ್ತದೆ. ಕೊನೆಗೆ ಎರಡು ಗೆರೆ (ಹೈಫನ್) ಹಾಕಿ 'ಪರ್ಜ್' ಸೇರಿಸಿದರೆ ಅದೂ ಇಲ್ಲ.

ಇನ್ನು ಹಾಕುವ ವಿಷಯ. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದವರು ತಮ್ಮದೇ ಆಪ್ಟ್ ರೆಪಾಸಿಟರಿ (ಪ್ಯಾಕೇಜ್‌ಗಳ ಸಂಗ್ರಹ) ನಡೆಸುತ್ತಾರೆ. ಅವರ ಸಹಾಯ ಪುಟದಲ್ಲಿರುವ ಸಾಲುಗಳನ್ನು ಕಾಪಿ ಮಾಡಿ ಟರ್ಮಿನಲ್‌ನಲ್ಲಿ ಕೊಡಿ. ಸಹಿ ಪರೀಕ್ಷಿಸುವ ಕೀ ಒಂದು, ರೆಪಾಸಿಟರಿಯ ವಿಳಾಸ ಒಂದು, 'ಪ್ರಿಫರೆನ್ಸಸ್' ಫೈಲ್ ಇನ್ನೊಂದು. ಹೆಚ್ಚಿನವರು ಎಡವುವುದು ಈ ಮೂರನೆಯದರಲ್ಲಿ. ಉಬುಂಟುವಿನ ಖಾಲಿ ಪ್ಯಾಕೇಜಿನ ವರ್ಷನ್ ಮುಂದೆ '1:' ಅಂತ ಇದೆ. ಆ ಒಂದು ಅಂಕೆಯಿಂದಾಗಿ, ಮೊಜಿಲ್ಲಾದ್ದು ಎಷ್ಟೇ ಹೊಸದಾಗಿದ್ದರೂ ಆಪ್ಟ್‌ನ ಲೆಕ್ಕಕ್ಕೆ ಅದು ಹಳೆಯದು. ಅದಕ್ಕೇ ಆ ಫೈಲಿನಲ್ಲಿ ಮೊಜಿಲ್ಲಾ ರೆಪಾಸಿಟರಿಗೆ 1000 ಆದ್ಯತೆ ಕೊಡಬೇಕು. 1000 ಇದ್ದರೆ ಆಪ್ಟ್ 'ಹಳೆಯದನ್ನೂ' ಒಪ್ಪಿಕೊಳ್ಳುತ್ತದೆ. ಆಮೇಲೆ 'ಸುಡೊ ಆಪ್ಟ್ ಅಪ್‌ಡೇಟ್', ಮತ್ತೆ ಇನ್‌ಸ್ಟಾಲ್. ಅಷ್ಟೇ. ಕನ್ನಡ ಮೆನು ಬೇಕಿದ್ದರೆ 'ಫೈರ್‌ಫಾಕ್ಸ್-ಎಲ್10ಎನ್-ಕೆಎನ್' ಪ್ಯಾಕೇಜನ್ನೂ ಹಾಕಿ. ಮನೆಯಲ್ಲಿ ಇಂಗ್ಲಿಷ್ ಓದಲು ಕಷ್ಟಪಡುವ ಹಿರಿಯರಿದ್ದರೆ ಖಂಡಿತ ಹಾಕಿ.

ಮುಂದೆ ಇದನ್ನೂ ತೆಗೆಯಬೇಕೆನಿಸಿದರೆ 'ಸುಡೊ ಆಪ್ಟ್ ಪರ್ಜ್ ಫೈರ್‌ಫಾಕ್ಸ್' ಸಾಕು. ಆದರೆ ಅದು ನಿಮ್ಮ ಹೋಮ್ ಫೋಲ್ಡರನ್ನು ಮುಟ್ಟುವುದಿಲ್ಲ. ಲ್ಯಾಪ್‌ಟಾಪ್ ಬೇರೆಯವರಿಗೆ ಕೊಡುವುದಾದರೆ ಅಲ್ಲಿ ಅಡಗಿರುವ ಮೊಜಿಲ್ಲಾ ಫೋಲ್ಡರನ್ನು ನೀವೇ ಅಳಿಸಬೇಕು. ಉಳಿಸಿದ ಪಾಸ್‌ವರ್ಡ್‌ಗಳೆಲ್ಲ ಅದರಲ್ಲೇ ಇರುತ್ತವೆ ಅಲ್ವಾ?

ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗದು. ಇನ್‌ಸ್ಟಾಲ್ ನಡುವೆ ಕಂಪ್ಯೂಟರ್ ಆಫ್ ಆಗಿ, ಆಮೇಲೆ ಆಪ್ಟ್ ಕೆಲಸ ಮಾಡದಿದ್ದರೆ ಹೆದರಬೇಡಿ. 'ಸುಡೊ ಡಿಪಿಕೆಜಿ', ಎರಡು ಗೆರೆ ಹಾಕಿ 'ಕಾನ್ಫಿಗರ್', ಕೊನೆಗೆ ಒಂದು ಗೆರೆ ಮತ್ತು 'ಎ'. ಅರ್ಧಕ್ಕೆ ನಿಂತ ಕೆಲಸವನ್ನು ಅದು ಮುಂದುವರಿಸುತ್ತದೆ.