ಮರೆವಿನ ಕಾಯಿಲೆ ಬಂದವರು ಹಳೆಯ ವ್ಯಕ್ತಿಯಾಗಿಯೇ ಉಳಿಯುತ್ತಾರಾ?

ನೆನಪೇ ವ್ಯಕ್ತಿಯ ಗುರುತು ಅಂತ ಒಪ್ಪಿದರೆ 'ಇಲ್ಲ' ಅನ್ನಬೇಕಾಗುತ್ತದೆ. ಆ ವಾದ ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್‌ನದು. 1694ರಲ್ಲಿ, ಮನುಷ್ಯನ ತಿಳಿವಿನ ಬಗೆಗಿನ ತನ್ನ ಗ್ರಂಥದ ಎರಡನೇ ಆವೃತ್ತಿಗೆ ಸೇರಿಸಿದ ಅಧ್ಯಾಯದಲ್ಲಿ ಅವನು ಮನುಷ್ಯ ಬೇರೆ, ವ್ಯಕ್ತಿ ಬೇರೆ ಎಂದ. ಮನುಷ್ಯ ಜೀವಂತ ದೇಹ. ವ್ಯಕ್ತಿ ಎಂದರೆ ಹಿಂದಿನ ಕೆಲಸವನ್ನು 'ನಾನೇ ಮಾಡಿದ್ದು' ಎಂದು ಅರಿಯುವ ಪ್ರಜ್ಞೆ. ತಪ್ಪಿಗೆ ಯಾರು ಹೊಣೆ ಎಂಬುದೇ ಅವನ ಮುಖ್ಯ ಚಿಂತೆ.

ಇದರ ಬುಡ ಅಲ್ಲಾಡಿಸಿದವನು ಸ್ಕಾಟ್ಲೆಂಡಿನ ತತ್ವಜ್ಞಾನಿ ಥಾಮಸ್ ರೀಡ್, 1785ರಲ್ಲಿ. ಅವನು ಕೊಟ್ಟ ಉದಾಹರಣೆ ಇದು: ಒಬ್ಬ ಹುಡುಗ ತೋಟದಲ್ಲಿ ಹಣ್ಣು ಕದ್ದು ಏಟು ತಿಂದ. ಬೆಳೆದು ಸೇನಾಧಿಕಾರಿಯಾಗಿ ಶತ್ರುವಿನ ಧ್ವಜ ಕಸಿದ. ಆಗ ಆ ಏಟು ನೆನಪಿತ್ತು. ಮುಂದೆ ಜನರಲ್ ಆದಾಗ ಧ್ವಜ ನೆನಪಿದೆ, ಏಟು ಪೂರ್ತಿ ಮರೆತಿದೆ. ಲಾಕ್ ಲೆಕ್ಕದಲ್ಲಿ ಹುಡುಗನೇ ಅಧಿಕಾರಿ, ಅಧಿಕಾರಿಯೇ ಜನರಲ್, ಆದರೆ ಜನರಲ್ ಆ ಹುಡುಗನಲ್ಲ! ನೆನಪುಗಳ ಸರಪಳಿ ಸಾಕು ಎಂದು ಲಾಕ್ ಪರದವರು ತೇಪೆ ಹಾಕಿದರು. ಮರೆವಿನ ಕಾಯಿಲೆಯಲ್ಲಿ ಆ ಸರಪಳಿಯೇ ಕಡಿಯುತ್ತದಲ್ಲ.

ಇಂದಿನ ತತ್ವಜ್ಞಾನಿ ಎರಿಕ್ ಓಲ್ಸನ್‌ರಂಥವರು ನಾವು ಮೂಲತಃ ಪ್ರಾಣಿಗಳು, ಜೀವ ಮುಂದುವರಿದಷ್ಟು ದಿನ ಅದೇ ನಾವು ಎನ್ನುತ್ತಾರೆ. ಬೌದ್ಧರಂತೂ ಬದಲಾಗದ 'ನಾನು' ಮೊದಲೂ ಇರಲಿಲ್ಲ ಎಂದುಬಿಡುತ್ತಾರೆ.

ನನಗೆ ಓಲ್ಸನ್ ಪಕ್ಷವೇ ಹೆಚ್ಚು ಸರಿ ಕಾಣುತ್ತದೆ. ಮಗಳ ಹೆಸರು ಮರೆತ ಅಜ್ಜಿಯೂ ಸೀರೆಯ ನೆರಿಗೆ ಹಿಡಿಯುವುದು ತನ್ನದೇ ರೀತಿಯಲ್ಲಿ. ಕಾನೂನೂ ಹಾಗೇ: ವ್ಯವಹಾರ ತಿಳಿಯದ ಸ್ಥಿತಿಯಲ್ಲಿ ಅವರು ಮಾಡಿದ ಕರಾರು ನಿಲ್ಲದು, ಆದರೆ ಮನೆ ಅವರ ಹೆಸರಲ್ಲೇ ಇರುತ್ತದೆ.